ಶಾಲು ಹೊದಿಸಿದ ಮೇಲೆ

ಹರ್ಷಿತನನ್ನು ಸುಳ್ಯದ ಬೆಳ್ಯಪ್ಪನವರ ಹಾರ್ಡ್‌ವೇರ್ ಅಂಗಡಿಗೆ ಸೇರಿಸಿದವರು ಪ್ರೇಮಾವತಿ. ಅಂಗವಿಕಲರಿಗೆ ಕೆಲಸ ಹುಡುಕಿ ಕೊಡುವ ಸಣ್ಣ ಸಂಸ್ಥೆಯೊಂದರಲ್ಲಿ ಅವರಿಗೆ ಉದ್ಯೋಗ. ಸುಳ್ಯ, ಕಡಬ, ಪುತ್ತೂರು ಎಂದು ಬಸ್ಸಿನಲ್ಲಿ ಅಲೆದು, ಅಂಗಡಿಯವರ ತಲೆ ತಿಂದು ಒಬ್ಬೊಬ್ಬರನ್ನು ಒಂದೊಂದು ಕಡೆ ನಿಲ್ಲಿಸುವುದು, ಆಮೇಲೆ ಅವರು ಅಲ್ಲೇ ಉಳಿದಿದ್ದಾರೆಯೇ ಎಂದು ಆಗಾಗ ಹೋಗಿ ನೋಡುವುದು. ಸೇರಿಸುವುದಕ್ಕಿಂತ ಉಳಿಸುವುದೇ ಕಷ್ಟ ಎಂದು ಅವರು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಹೇಳುವ ಕಲೆ ಅವರಿಗೆ ಚೆನ್ನಾಗಿ ಒಲಿದಿತ್ತು. ಊರಿನಲ್ಲಿ ಯಾವ ಸಮಾರಂಭವಾದರೂ ನಿರೂಪಣೆಗೆ ಅವರೇ ಆಗಬೇಕು. ಮೈಕ್ ಕೈಗೆ ಬಂದರೆ ಸಾಕು, ಅವರ ಸ್ವರ ತಾನಾಗಿ ಬೇರೆಯಾಗುತ್ತಿತ್ತು.

ಹರ್ಷಿತ್ ಆಲೆಟ್ಟಿಯ ಹುಡುಗ. ಹುಟ್ಟಿನಿಂದಲೇ ಅವನ ಎಡಗೈ ಮೊಣಕೈವರೆಗೆ ಮಾತ್ರ. ಉಳಿದದ್ದೆಲ್ಲ ಬೇಕಾದಷ್ಟಿತ್ತು, ಬಾಯಿಯಂತೂ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು.

ಅವನು ಸೇರಿ ಎರಡು ಮಳೆಗಾಲ ಕಳೆದಿತ್ತು. ಒಂದು ಬೆಳಿಗ್ಗೆ ಪ್ರೇಮಾವತಿ ವಿಚಾರಿಸಿ ಹೋಗಲು ಬಂದಾಗ ಜತ್ತಪ್ಪ ಎಂಬ ಹಳೆಯ ಗಿರಾಕಿ ಪೈಪಿನ ಎಲ್ಬೋ ಒಂದನ್ನು ಕೌಂಟರಿಗೆ ಕುಟ್ಟುತ್ತಾ ನಿಂತಿದ್ದರು.

"ಒಂದೂವರೆ ಇಂಚು ಅಂತ ಹೇಳಿದ್ದಲ್ವಾ ನಾನು? ಇದೆಂತದು ನೀನು ಕೊಟ್ಟದ್ದು? ನಿನಗೆ ತಲೆ ಉಂಟಾ ಮಾರಾಯ?"

"ತಲೆ ಉಂಟು ಜತ್ತಪ್ಪಣ್ಣ. ಎರಡಿಂಚು ಅಂತ ಹೇಳಿದ್ದು ನೀವೇ. ಬೆಳಿಗ್ಗೆ ಬೆಳಿಗ್ಗೆ ಸುಳ್ಳು ಹೇಳ್ಬೇಡಿ."

ಧಣಿ ಬೆಳ್ಯಪ್ಪ ಕುಳಿತಲ್ಲಿಂದಲೇ ಹರ್ಷಿತನಿಗೆ ಬೈದರು. "ಮೊಬೈಲು ನೋಡಿಕೊಂಡು ಸಾಮಾನು ತೆಗೆದ್ರೆ ಹೀಗೇ ಆಗುದು. ಬದಲಿಸಿ ಕೊಡು."

ಹರ್ಷಿತ್ ಗೊಣಗುತ್ತಾ ಬೇರೆ ಎಲ್ಬೋ ತಂದ. ಚೀಲವನ್ನು ಮೊಂಡುಗೈಯಿಂದ ಎದೆಗೆ ಒತ್ತಿ ಹಿಡಿದು, ಬಲಗೈಯಲ್ಲಿ ಗಂಟು ಹಾಕಿ, ಜತ್ತಪ್ಪನ ಮುಂದೆ ದೂಡಿದ. ಅವರು ಏನೂ ಆಗದವರಂತೆ, "ತೋಟಕ್ಕೆ ನೀರು ಹಾರಿಸುವ ಹೊಸ ಜೆಟ್ ಬಂದ್ರೆ ಒಂದು ಫೋನ್ ಮಾಡು," ಎಂದು ಹೇಳಿ ಹೋದರು. ಹರ್ಷಿತ್ ಮತ್ತೆ ಮೊಬೈಲು ತೆಗೆದ.

ನಗಬೇಕಾದ ಹೊತ್ತಿಗೆ ಪ್ರೇಮಾವತಿಯ ಕಣ್ಣು ತುಂಬಿತು. ಇಂಥ ಹುಡುಗನಿಗೆ ನಾಲ್ಕು ಜನರ ಎದುರು ತಲೆ ಉಂಟಾ ಎಂದು ಕೇಳಿದರಲ್ಲ ಎಂದು ಅವರಿಗೆ ತಡೆಯಲಾಗಲಿಲ್ಲ.

"ಬೆಳ್ಯಪ್ಪಣ್ಣ, ಇವನಿಗೊಂದು ಗೌರವ ಸಿಗ್ಬೇಕು," ಎಂದರು ಧಣಿಯನ್ನು ಬದಿಗೆ ಕರೆದು.

"ಎಂತ ಗೌರವ? ಸಂಬಳ ಸರಿಯಾಗಿ ಕೊಡ್ತೇನಲ್ಲ."

"ಸಂಬಳದ ಮಾತಲ್ಲ. ಅಂಗಡಿಗೆ ಇಪ್ಪತ್ತೈದು ವರ್ಷದ ಪೂಜೆ ಇಟ್ಟಿದ್ದೀರಲ್ಲ, ಅವತ್ತೇ ಒಂದು ಸನ್ಮಾನ ಮಾಡುವ. ನೋಡಿದ ಬೇರೆ ಅಂಗಡಿಯವರಿಗೂ ಮನಸ್ಸು ಬರ್ತದೆ."

ನಮ್ಮ ಕಡೆ ಸನ್ಮಾನ ಬೇಡ ಎಂದವರನ್ನು ಯಾರೂ ಕಂಡಿಲ್ಲ. ರ‍್ಯಾಂಕ್ ಬಂದದ್ದಕ್ಕೆ, ನಿವೃತ್ತಿಯಾದದ್ದಕ್ಕೆ, ಏನೂ ಸಿಗದಿದ್ದರೆ ಬಂದು ಮುಂದಿನ ಸಾಲಿನಲ್ಲಿ ಕುಳಿತದ್ದಕ್ಕೆ, ಒಂದು ಶಾಲು, ಒಂದು ಪೇಟ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿದ ಸನ್ಮಾನಪತ್ರ. ಬೆಳ್ಯಪ್ಪ ಕೂಡಲೇ ಒಪ್ಪಿದರು. ಹರ್ಷಿತನನ್ನು ಯಾರೂ ಕೇಳಲಿಲ್ಲ. ಸನ್ಮಾನವೆಂದರೆ ಸಿಹಿಸುದ್ದಿ, ಅದನ್ನು ತಿಳಿಸುವುದೇ ಹೊರತು ಕೇಳುವ ಕ್ರಮವಿಲ್ಲ.

ಸನ್ಮಾನಪತ್ರವನ್ನು ಪ್ರೇಮಾವತಿಯೇ ಬರೆದರು. ಮೊದಲ ಸಲ ಆಲೆಟ್ಟಿಗೆ ಹೋಗಿದ್ದಾಗ ಹರ್ಷಿತನ ಅಮ್ಮ ಒಲೆಯ ಮುಂದೆ ಕುಳಿತು, ಕಾಫಿ ಕಾಯಿಸುತ್ತಾ ಹೇಳಿದ ಒಂದು ಮಾತು ಅವರಿಗೆ ಮರೆತಿರಲಿಲ್ಲ. ಅದು ಪತ್ರದಲ್ಲಿ ಬಹಳ ಚೆನ್ನಾಗಿ ಕೂಡಿ ಬಂತು.

ಪೂಜೆಯ ದಿನ ಊಟಕ್ಕೆ ಮೊದಲು ಸಭೆ. ಹರ್ಷಿತನನ್ನು ಅಲಂಕಾರದ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಜಾರಿತು. ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟದ್ದರಿಂದ ಇದ್ದ ಒಂದು ಕೈ ಅದನ್ನು ಹಿಡಿಯುವುದಕ್ಕೇ ಬೇಕಾಗಿತ್ತು. ಪೇಟ ಸರಿಮಾಡಿಕೊಳ್ಳಲು ಆಗದೆ ಅವನು ಗದ್ದ ಎತ್ತಿ ಕುಳಿತ. ಪ್ರೇಮಾವತಿ ಮೈಕ್ ಹಿಡಿದು ಓದಿದರು.

"ಚಡ್ಡಿಯ ಗುಂಡಿ ಬಿಚ್ಚಲು ಬಾರದೆ, ಯಾರನ್ನೂ ಕೇಳಲು ನಾಚಿ, ತರಗತಿಯಲ್ಲೇ ಒದ್ದೆಯಾಗಿ, ಗೆಳೆಯರ ನಗುವಿನ ನಡುವೆ ಅಳುತ್ತಾ ಮನೆಗೆ ಓಡಿಬಂದ ಆ ಪುಟ್ಟ ಬಾಲಕ ಇಂದು..."

ಅಲ್ಲಿ ಅವರ ಸ್ವರ ನಡುಗಿತು. ನಡುಕ ಸುಳ್ಳಲ್ಲ, ಆದರೆ ಎಷ್ಟು ಹೊತ್ತು ನಿಲ್ಲಿಸಬೇಕೆಂದೂ ಅವರಿಗೆ ಗೊತ್ತಿತ್ತು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿದರು. ಜತ್ತಪ್ಪ ಕರವಸ್ತ್ರ ತೆಗೆದರು. ಎರಡನೇ ಸಾಲಿನಲ್ಲಿ ಹರ್ಷಿತನ ಅಮ್ಮ ಮಾತ್ರ ತಲೆ ತಗ್ಗಿಸಿ ಕುಳಿತಿದ್ದರು. ಸಂತೋಷಕ್ಕೆ ಅಳುತ್ತಿದ್ದಾರೆ ಎಂದು ಪ್ರೇಮಾವತಿ ತಿಳಿದುಕೊಂಡರು. ಮರುದಿನ ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಬಂತು. ಪೇಟ ಧರಿಸಿದ ಹರ್ಷಿತ್, ಅವನ ಕೆಳಗೆ 'ವೈಕಲ್ಯ ಗೆದ್ದ ಛಲಗಾರ', ಬದಿಯಲ್ಲಿ ಬೆಳ್ಯಪ್ಪನವರು ಕೈಮುಗಿದ ಫೋಟೋ.

ಕೆಲವು ವಾರ ಕಳೆದು ಪ್ರೇಮಾವತಿ ಅಂಗಡಿಗೆ ಹೋದಾಗ ಜತ್ತಪ್ಪ ಅಲ್ಲೇ ಇದ್ದರು. ಅವರ ಕೈಯಲ್ಲಿ ಈ ಸಲವೂ ಒಂದು ತಪ್ಪು ಸಾಮಾನು, ವಾಲ್ವು. ಆದರೆ ಅದನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟರು.

"ಇದು ಸರಿಯಾಗ್ಲಿಲ್ಲ ಮಗಾ. ಪರವಾಗಿಲ್ಲ, ನೀನು ಏಳ್ಬೇಡ, ನಾನೇ ಹುಡುಕ್ತೇನೆ."

"ತಪ್ಪು ಕೊಟ್ಟದ್ದು ನಾನು. ಬಯ್ಯಿರಿ ಜತ್ತಪ್ಪಣ್ಣ," ಎಂದ ಹರ್ಷಿತ್.

"ನಿನಗೆಂತಕ್ಕೆ ಬಯ್ಯುದು? ಅಷ್ಟು ಕಷ್ಟಪಟ್ಟು ಮೇಲೆ ಬಂದವ ನೀನು." ಜತ್ತಪ್ಪ ವಾಲ್ವು ಬದಲಿಸಿಕೊಂಡರು. ಹೋಗುವ ಮೊದಲು ಹರ್ಷಿತನ ಅಂಗಿಯ ಕಿಸೆಗೆ ಒಂದು ನೋಟು ತುರುಕಿ, ಬೆನ್ನು ತಟ್ಟಿದರು.

ಹರ್ಷಿತ್ ಆ ನೋಟನ್ನು ತೆಗೆದು ಧಣಿಯ ಮೇಜಿನ ಮೇಲಿಟ್ಟ. "ಇಟ್ಟುಕೋ, ಪ್ರೀತಿಯಲ್ಲಿ ಕೊಟ್ಟದ್ದಲ್ವಾ," ಎಂದರು ಬೆಳ್ಯಪ್ಪ, ಕಾಯಿಲೆಯವರ ಹತ್ತಿರ ಮಾತಾಡುವ ಸ್ವರದಲ್ಲಿ.

ಹರ್ಷಿತ್ ಪ್ರೇಮಾವತಿಯ ಕಡೆ ತಿರುಗಿದ. "ನಿನ್ನೆ ನಾನು ಮಧ್ಯಾಹ್ನಕ್ಕೆ ಬಂದದ್ದು ಪ್ರೇಮಕ್ಕ. ಬೇಕಂತಲೇ. ಇವರು ಬಯ್ತಾರಾ ನೋಡುವ ಅಂತ. ಇವರು ಊಟ ಆಯ್ತಾ ಕೇಳಿದ್ರು."

ಬೆಳ್ಯಪ್ಪ ಕನ್ನಡಕ ತೆಗೆದು ಒರೆಸಿದರು.

"ಇಲ್ಲಿ ಈಗ ನನಗೆ ಕೆಲಸ ಇಲ್ಲ. ಜನ ಬರುದು, ನನ್ನನ್ನು ನೋಡುದು, ಪಾಪ ಅಂತ ಹೇಳುದು. ಮೊದಲು ಎಲ್ಬೋ ಬೇಕು ಅಂತ ಬರ್ತಿದ್ರು." ಅವನು ತನ್ನ ಊಟದ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದ. ಜಗಳ ಮಾಡಲಿಲ್ಲ. ಅವನೊಂದಿಗೆ ಜಗಳ ಮಾಡುವವರು ಅಲ್ಲಿ ಯಾರೂ ಉಳಿದಿರಲಿಲ್ಲ.

ಪ್ರೇಮಾವತಿಗೆ ನಾಚಿಕೆಯಾಯಿತು. ಮುಖಕ್ಕೆ ಬಂದು ಹೋಗುವ ನಾಚಿಕೆಯಲ್ಲ, ಎಲ್ಲಿ ನಿಲ್ಲಬೇಕೆಂದು ತಿಳಿಯದಂಥದು. ಜತ್ತಪ್ಪನ ಬೈಗುಳ ಕೇಳಿ ತನಗೆ ಅಳು ಬಂದಿತ್ತಲ್ಲ, ಆ ಹುಡುಗ ಅಂಗಡಿಯಲ್ಲಿ ಉಳಿದದ್ದೇ ಆ ಬೈಗುಳದ ಮೇಲೆ. ಅದನ್ನು ಕಿತ್ತು ತೆಗೆದದ್ದು ತಾನು. ತನ್ನ ಹಿಂದೆ ಗೋಡೆಯಲ್ಲಿ ಸನ್ಮಾನದ ಫೋಟೋ ತೂಗುತ್ತಿದ್ದುದನ್ನು ಅವರು ಆಗಷ್ಟೇ ಕಂಡರು. ಅದರಲ್ಲಿ ಮೈಕ್ ಹಿಡಿದ ಅವರ ಮುಖ ಬಹಳ ಚೆನ್ನಾಗಿ ಬಂದಿತ್ತು.

ಫ್ಲೆಕ್ಸ್ ತೆಗೆಸಿ, ಮರುದಿನ ಆಲೆಟ್ಟಿಗೆ ಹೋದರು. ಹರ್ಷಿತನ ಅಮ್ಮ ಬೆಲ್ಲ ನೀರು ಕೊಟ್ಟರು, ಚಾಪೆ ಹಾಸಿದರು, ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ಸನ್ಮಾನಪತ್ರ ಗೋಡೆಯಲ್ಲಿರಲಿಲ್ಲ.

"ಆ ಚಡ್ಡಿಯ ವಿಷಯ," ಎಂದರು ಅಮ್ಮ, ಲೋಟ ತೆಗೆಯುತ್ತಾ. "ನಾನು ನಿಮಗೆ ಹೇಳಿದ್ದು ಅಕ್ಕ. ಮೈಕಿಗೆ ಹೇಳಿದ್ದಲ್ಲ."

"ತಪ್ಪಾಯ್ತು," ಎಂದರು ಪ್ರೇಮಾವತಿ. ಅಮ್ಮ ಲೋಟವನ್ನು ಒಳಗೆ ಒಯ್ದರು.

ಜಗಲಿಯಲ್ಲಿ ಕುಳಿತಿದ್ದ ಹರ್ಷಿತ್ ಕೇಳಿದ. "ಪುತ್ತೂರಲ್ಲಿ ಎಲ್ಲಿಯಾದ್ರೂ ಜನ ಬೇಕಂತೆಯಾ? ಫ್ಲೆಕ್ಸ್ ನೋಡದವರಲ್ಲಿ."

ಪ್ರೇಮಾವತಿಗೆ ಜೀವ ಬಂದಂತಾಯಿತು. "ಉಂಟು, ಉಂಟು. ಎಲ್ಲರೂ ನನಗೆ ಗೊತ್ತಿದ್ದವರೇ. ನಾನು ಒಂದು ಮಾತು ಹೇಳಿದ್ರೆ ಸಾಕು."

"ನೀವು ಹೇಳಿದ್ರೆ ಅವರು ಕೊಡ್ತಾರೆ ಅಕ್ಕ. ಅದೇ ಬೇಡ. ಅಂಗಡಿ ಯಾವುದು ಅಂತ ತೋರಿಸಿ, ಒಳಗೆ ಬರ್ಬೇಡಿ."

ಹಾಗೆಯೇ ಪುತ್ತೂರಿನಲ್ಲಿ ಅವರು ರಸ್ತೆಯ ಈಚೆ ಬದಿಯಲ್ಲಿ ಕೊಡೆ ಹಿಡಿದು ನಿಂತರು, ಹರ್ಷಿತ್ ಒಬ್ಬನೇ ದಾಟಿದ. ಮೊದಲ ಅಂಗಡಿಯವರು ಅವನ ಕೈ ನೋಡಿ ತಲೆಯಾಡಿಸಿದ್ದು ಈಚೆಗೇ ಕಾಣುತ್ತಿತ್ತು. ಅವರ ನಂಬರು ಪ್ರೇಮಾವತಿಯಲ್ಲಿತ್ತು. ಫೋನ್ ಕೈಗೆ ಬಂತು, ಹೆಬ್ಬೆರಳು ಹೆಸರಿನ ಮೇಲೂ ಹೋಯಿತು. ತನ್ನ ಬೆರಳನ್ನೇ ಬೈದು ಫೋನನ್ನು ಬ್ಯಾಗಿನ ತಳಕ್ಕೆ ಹಾಕಿದರು.

ಎರಡನೇ ಅಂಗಡಿಯಲ್ಲೂ ಆಗಲಿಲ್ಲ. ಮೂರನೆಯದು ಪಂಪ್‌ಸೆಟ್ಟಿನದು. ಅಲ್ಲಿ ಬಹಳ ಹೊತ್ತು ಮಾತು ನಡೆಯಿತು. ಅಂಗಡಿಯವರು ಹೋಸ್ ಪೈಪಿನ ಸುರುಳಿಯೊಂದನ್ನು ತೋರಿಸಿದರು. ಹರ್ಷಿತ್ ಬಗ್ಗಿ, ಅದನ್ನು ಭುಜಕ್ಕೆ ಏರಿಸಿ, ಒಳಗೆ ಇಟ್ಟು ಬಂದ. ಇನ್ನೂ ಏನೋ ಕೇಳಿದರು, ಅವನೂ ಏನೋ ಎದುರು ಹೇಳಿದ. ಕೊನೆಗೆ ಹೊರಗೆ ಬಂದು ರಸ್ತೆ ದಾಟಿದ.

"ಸೋಮವಾರದಿಂದ ಬರ್ಲಿಕ್ಕೆ ಹೇಳಿದ್ರು. ಸ್ವಲ್ಪ ಸಮಯ ನೋಡ್ತಾರಂತೆ. ಲೇಟಾದ್ರೆ ಸಂಬಳ ಕಟ್ ಅಂತೆ."

ಆದರೆ ಮುಖದಲ್ಲಿ ಸಂತೋಷವಿರಲಿಲ್ಲ. ಅವನು ಪ್ರೇಮಾವತಿಯನ್ನೇ ನೋಡುತ್ತಾ ನಿಂತಿದ್ದ.

"ನೀವು ಫೋನ್ ಮಾಡಿದ್ರಾ?"

"ಇಲ್ಲ."

"ಮೆಸೇಜು?"

"ಇಲ್ಲ ಮಾರಾಯ, ದೇವರಾಣೆ."

ಅವನು ಕೈ ಚಾಚಿದ. "ಫೋನ್ ಕೊಡಿ, ನೋಡುವ."

ಜನ ಹೋಗುತ್ತಾ ಬರುತ್ತಾ ಇದ್ದರು. ಪ್ರೇಮಾವತಿ ಬ್ಯಾಗಿನ ತಳದಿಂದ ಫೋನ್ ತೆಗೆದು, ಲಾಕ್ ತೆರೆದು ಕೊಟ್ಟರು. ಹರ್ಷಿತ್ ಹೆಬ್ಬೆರಳಿನಲ್ಲಿ ಮೇಲೆ ಕೆಳಗೆ ಮಾಡಿ ಕರೆಗಳನ್ನು ನೋಡಿದ, ವಾಟ್ಸಾಪ್ ನೋಡಿದ, ಅವಸರವಿಲ್ಲದೆ ನೋಡಿದ. ಅಷ್ಟು ಹೊತ್ತೂ ಅವರು ಟೀಚರು ಚೀಲ ತಪಾಸಣೆ ಮಾಡುವಾಗ ನಿಲ್ಲುವ ಹುಡುಗಿಯ ಹಾಗೆ ನಿಂತಿದ್ದರು. ಈ ಸಲ ಏನೂ ಮಾಡಿರಲಿಲ್ಲ, ಆದರೂ ತಲೆ ಎತ್ತಲಾಗಲಿಲ್ಲ.

ಫೋನ್ ಹಿಂದೆ ಕೊಟ್ಟ ಮೇಲೆ ಹರ್ಷಿತನ ಮುಖ ಮೆಲ್ಲಗೆ ಅರಳಿತು. ತನ್ನ ಫೋನ್ ತೆಗೆದು ಅಮ್ಮನಿಗೆ ಕರೆ ಮಾಡಿದ. "ಆಯ್ತು ಅಮ್ಮ. ಹೌದು, ನಾನೇ ಹೋಗಿ ಕೇಳಿದ್ದು."

ಒಳ್ಳೆಯದಾಯಿತು ಎನ್ನಲು ಪ್ರೇಮಾವತಿ ಬಾಯಿ ತೆರೆದರು. ಆ ಮಾತು ಮೈಕಿನ ಸ್ವರದಲ್ಲಿ ಬಂದೀತೆಂಬ ಹೆದರಿಕೆಯಾಗಿ, ಬಾಯಿ ಮುಚ್ಚಿ, ಅವನ ಹಿಂದೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು.