ಸೋಮವಾರದ ಫೋಟೋ

"ಮುಖಕ್ಕೆ ಮಾತ್ರ ಬೇಡ ಕಣೋ ಭೀಮ. ಸೋಮವಾರ ಫೋಟೋ ತೆಗೀತಾರೆ."

ಹೀಗೆಂದವನು ಬೇರೆ ಯಾರೂ ಅಲ್ಲ, ನಯನಾಳ ಒಡಹುಟ್ಟಿದ ತಮ್ಮ ಶರತ್. ಹೇಳಿಸಿಕೊಂಡವನು ಸದಾ ಅವನ ಬಾಲ ಹಿಡಿದು ಓಡಾಡುವ ಭೀಮರಾಜ್. ನಯನಾ ಅಪ್ಪನ ಹಳೇ ಜೀಪಿನ ಬಾನೆಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹಿರಿಯೂರು ದಾಟಿ ಎಲ್ಲೋ ಒಂದು ಕೆರೆಯಂಗಳ. ಸುತ್ತ ಜಾಲಿ ಗಿಡ, ಬಿರುಕು ಬಿಟ್ಟ ಮಣ್ಣು, ಹನ್ನೊಂದು ಗಂಟೆಯ ಬಿಸಿಲು. ಕೂಗಿದರೆ ಓಗೊಡಲು ಒಂದು ನರಪಿಳ್ಳೆಯೂ ಇರಲಿಲ್ಲ.

"ಬಲಗೈ ಮುಟ್ಬೇಡ, ಸೈನ್ ಹಾಕ್ಬೇಕು. ಎಡಗೈ ಹೆಬ್ಬೆಟ್ಟೂ ಬೇಡ, ಮಿಷನ್ ಮೇಲೆ ಒತ್ತಿಸ್ತಾರೆ. ಮಿಕ್ಕಿದ್ದು ನೋಡ್ಕೋ."

ಕುರಿ ಕೊಯ್ಯುವವನಿಗೆ ಯಾವ ಭಾಗ ಎತ್ತಿಡಬೇಕೆಂದು ಹೇಳುವ ಹಾಗೆ ಹೇಳಿದ, ಪುಣ್ಯಾತ್ಮ. ಅಕ್ಕನ ಮೈಯಲ್ಲಿ ಸರ್ಕಾರಕ್ಕೆ ಬೇಕಾದದ್ದು ಎಷ್ಟು, ಬೇಡವಾದದ್ದು ಎಷ್ಟು ಎಂಬುದನ್ನು ಅವನು ಅಷ್ಟು ಚೆನ್ನಾಗಿ ಓದಿಕೊಂಡು ಬಂದಿದ್ದ.

"ಸಾರಿ ನಯನಕ್ಕ" ಎಂದು ಭೀಮರಾಜ್ ಹೊಟ್ಟೆಗೆ ಗುದ್ದಿದ.

ಅಪ್ಪ ಮುನಿಕೃಷ್ಣಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ಯಲಹಂಕದ ಪಕ್ಕದ ಕೋಗಿಲಿನಲ್ಲಿ ಉಳಿದಿದ್ದ ಎರಡು ಎಕರೆಯನ್ನು ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಕೊಡಲು ಶರತ್ ತುದಿಗಾಲಲ್ಲಿ ನಿಂತಿದ್ದ. ಅದಕ್ಕೆ ಅಕ್ಕ ತನ್ನ ಪಾಲು ಬಿಟ್ಟುಕೊಟ್ಟೆನೆಂದು ಬರೆದುಕೊಡಬೇಕು. ಆ ಕಡೆ ಇದು ನಡೆದುಕೊಂಡು ಬಂದ ರೀತಿ: ಹೆಣ್ಣುಮಕ್ಕಳನ್ನು ತವರಿಗೆ ಕರೆದು, ಸೀರೆ ಉಡಿಸಿ, ಮಡಿಲು ತುಂಬಿ, ಕಾರಿನಲ್ಲಿ ಕೂರಿಸಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ಯುತ್ತಾರೆ. ಹೆಣ್ಣುಮಕ್ಕಳು ಅಲ್ಲಿ ಫೋಟೋಗೆ ಮುಖ ಕೊಟ್ಟು, ಹೆಬ್ಬೆಟ್ಟು ಒತ್ತಿ, ಹೇಳಿದ ಕಡೆ ಸೈನ್ ಹಾಕಿ, ಹೋಟೆಲಿನಲ್ಲಿ ಊಟ ಮಾಡಿ, ಕಣ್ಣೊರೆಸಿಕೊಂಡು ಗಂಡನ ಮನೆಗೆ ಹೋಗುತ್ತಾರೆ. ನಯನಾಳನ್ನೂ ಹಾಗೆಯೇ ಕರೆದರು. ಗಂಡ ಸತ್ತ ಮೇಲೆ ಸಹಕಾರನಗರದಲ್ಲಿ ಬ್ಲೌಸ್ ಹೊಲಿದು ಮಗಳನ್ನು ಓದಿಸುತ್ತಿದ್ದ ಅವಳು ಸೀರೆಯನ್ನು ತಟ್ಟೆಯಲ್ಲೇ ಬಿಟ್ಟು, "ನನ್ನ ಪಾಲು ನನ್ನ ಮಂಜೂಗೆ" ಎಂದಳು. ಅಷ್ಟೇ. ತಮ್ಮ ಮಾತು ಬಿಟ್ಟ.

ಮಾತು ಬಿಟ್ಟವನು ಕಳೆದ ವಾರ ತಾನಾಗಿಯೇ ಅವಳ ಅಂಗಡಿಯ ಬಾಗಿಲಿಗೆ ಬಂದಿದ್ದ. "ಅಪ್ಪನ ಜೀಪ್ ನಿನ್ ತಾವೇ ಐತಲ್ಲಕ್ಕ. ಇದನ್ನ ಒಂದ್ಸಲ ಸಮುದ್ರದ ನೀರಿಗೆ ಇಳಿಸ್ಬೇಕು ಅಂತ ಸಾಯೋಗಂಟ ಅಂತಿದ್ದ. ಗೋಕರ್ಣಕ್ಕೋಗಿ ಬರಾಣ ಬಾ, ನೀನೇ ಓಡ್ಸು. ಮಂಜು ನಮ್ಮನೇಲಿ ಕಲಾವತಿ ಜೊತೆ ಇರ್ಲಿ."

ಕರಗಿಹೋದಳು, ಪೆದ್ದಿ. ತಮ್ಮ ಮತ್ತೆ ಅಕ್ಕಾ ಎಂದನಲ್ಲ ಎಂದು ಜೀಪಿನ ಸೀಟುಗಳಿಗೆ ಹೊಸ ಕವರ್ ಹೊಲಿದಳು. ದಾರಿಗೆಂದು ಚಕ್ಕುಲಿ ಕರಿದಳು. ಹದಿನಾಲ್ಕು ವರ್ಷದ ಮಗಳನ್ನು ತನ್ನ ಕೈಯಾರೆ ಕೋಗಿಲಿನಲ್ಲಿ ತಮ್ಮನ ಹೆಂಡತಿಯ ಬಳಿ ಬಿಟ್ಟು, ಶನಿವಾರ ಬೆಳಗಿನ ಜಾವ ಹೊರಟಳು. ಹಿಂದಿನ ಸೀಟಿನಲ್ಲಿ ಭೀಮರಾಜ್ ಯಾಕೆ ಎಂದು ಕೇಳಿದ್ದಕ್ಕೆ ಪಂಕ್ಚರ್ ಆದರೆ ಒಬ್ಬ ಆಳು ಬೇಕಲ್ಲ ಎಂದಿದ್ದ ಶರತ್. ಹಿರಿಯೂರಿನ ಆಚೆ, ಕೆರೆ ನೋಡೋಣ, ಎಡಕ್ಕೆ ತಿರುಗಿಸು ಎಂದಾಗಲೂ ಅವಳಿಗೆ ಹೊಳೆಯಲಿಲ್ಲ.

ಈಗ ಅವಳು ಮಣ್ಣಿನ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಭೀಮರಾಜನ ಬೂಟು ಪಕ್ಕೆಗೆ ಬಡಿದಾಗ ಒಳಗೆ ಏನೋ ಲಟಕ್ಕೆಂದಿತು. ಉಸಿರು ಒಳಗೆ ಹೋಗಲಿಲ್ಲ. ಶರತ್ ಅವಳ ಪಕ್ಕ ಕುಕ್ಕುರುಗಾಲಲ್ಲಿ ಕೂತು ಫೋನ್ ತೋರಿಸಿದ. ಪರದೆಯ ಮೇಲೆ ಮಂಜು ಅವನ ಮನೆಯ ಸೋಫಾದಲ್ಲಿ ಕೂತು ದೋಸೆ ತಿನ್ನುತ್ತಿದ್ದಳು.

"ನೀನು ಸೈನ್ ಹಾಕೋಗಂಟ ಮಗ ನಮ್ಮನೇಲೇ ಇರ್ತದೆ. ಇಲ್ಲ ಅಂದ್ರೂ ಇರ್ತದೆ. ಎಲ್ಲೋಗ್ತದೆ?"

"ಅವಳ ಸುದ್ದಿಗೆ ಹೋಗ್ಬೇಡ ಕಣೋ."

"ನಾನ್ಯಾಕೋಗ್ಲಿ? ಭೀಮಾ, ಬೆರಳು."

ಭೀಮರಾಜ್ ಅವಳ ಎಡಗೈ ಹಿಡಿದು, ಹೆಬ್ಬೆಟ್ಟನ್ನು ಜೋಪಾನವಾಗಿ ಪಕ್ಕಕ್ಕೆ ಸರಿಸಿ, ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸುತ್ತಾ ಹೋದ. ಹಸಿ ಕಡ್ಡಿ ಮುರಿದ ಸದ್ದಾಯಿತು. ನಯನಾ ಕಿರುಚಿದ ಕಿರುಚಿಗೆ ಜಾಲಿಯಿಂದ ಕೊಕ್ಕರೆಗಳು ಎದ್ದವು.

"ಹಾಕ್ತೀನಿ" ಎಂದಳು. "ಸೈನ್ ಹಾಕ್ತೀನಿ. ಬಿಡ್ರೋ."

ಆ ಮಾತು ನಾಟಕವಾಗಿರಲಿಲ್ಲ. ನಿಜಕ್ಕೂ ಹಾಕಿಬಿಡುವವಳೇ ಇದ್ದಳು. ಭಯ ಎಂಬುದು ಹಾಗಿರುತ್ತದೆ, ಹೊಡೆಸಿಕೊಳ್ಳದವರು ಬೇಕಾದ್ದು ಹೇಳಲಿ.

ಶರತ್ ಅವಳನ್ನು ಎಬ್ಬಿಸಿ, ಸೀರೆಯ ಮಣ್ಣು ಕೊಡವಿ, ಪಕ್ಕದ ಸೀಟಿನಲ್ಲಿ ಕೂರಿಸಿದ. "ಸೋಮವಾರದಗಂಟ ಚಿತ್ರದುರ್ಗದಾಗೆ ಲಾಡ್ಜು. ಅಲ್ಲಿಂದ ಸೀದಾ ರಿಜಿಸ್ಟ್ರಾರ್ ಆಫೀಸು." ಗೆದ್ದವನ ಗತ್ತಿನಲ್ಲಿ ತಾನೇ ಸ್ಟೀರಿಂಗ್ ಹಿಡಿದು, ಕೆರೆಯಂಗಳದಲ್ಲಿ ದೊಡ್ಡ ಸುತ್ತು ಹೊಡೆದು ಜೀಪು ತಿರುಗಿಸಿದ. ಮೇಲೆ ಒಣಗಿದ ಮಣ್ಣು, ಕೆಳಗೆ ಹಸಿ ಕೆಸರು. ನೂರು ಗಜ ಹೋಗುವಷ್ಟರಲ್ಲಿ ಹಿಂದಿನ ಚಕ್ರಗಳು ಹೂತವು.

ಅವನು ಜಂಬದಿಂದ, ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ವೀಲಿನ ಸಣ್ಣ ಕಡ್ಡಿ ಎಳೆದ. ಆಕ್ಸಿಲರೇಟರ್ ಒತ್ತಿದ. ಹಿಂದಿನ ಚಕ್ರಗಳು ಕೆಸರು ಕಡೆಯುತ್ತಾ ಇನ್ನಷ್ಟು ಇಳಿದವೇ ಹೊರತು ಮುಂದಿನವು ಮಿಸುಕಲಿಲ್ಲ. ಹಿಂದೆ ನಿಂತು ತಳ್ಳುತ್ತಿದ್ದ ಭೀಮರಾಜನ ಬಾಯಿ ತುಂಬಾ ಕೆಸರಾಯಿತು. ಮುಕ್ಕಾಲು ಗಂಟೆ ಇಬ್ಬರೂ ಬೈದಾಡಿಕೊಂಡರು, ಕಲ್ಲು ಕೊಟ್ಟರು, ಕೊಂಬೆ ಕೊಟ್ಟರು. ನಯನಾ ಮುರಿದ ಬೆರಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು.

ಆ ಜೀಪಿಗೆ ಒಳಗಿನ ಕಡ್ಡಿ ಎಳೆದರೆ ಸಾಲದು. ಕೆಳಗಿಳಿದು, ಮುಂದಿನ ಒಂದೊಂದು ಚಕ್ರದ ಗುಂಬದ ಮೇಲೂ ಇರುವ ಗುಂಡನೆಯ ತಿರುಪನ್ನು ಕೈಯಲ್ಲಿ ತಿರುಗಿಸಬೇಕು. ಅಪ್ಪ ಅದಕ್ಕೆ ಬೀಗ ಎನ್ನುತ್ತಿದ್ದ. ಪುಟ್ಟೇನಹಳ್ಳಿ ಕೆರೆ ಬತ್ತಿದ್ದ ಕಾಲದಲ್ಲಿ ಅವಳಿಗೆ ಅಲ್ಲೇ ಜೀಪು ಕಲಿಸುತ್ತಾ, "ಇಳ್ದು ಬೀಗ ಹಾಕಮ್ಮಿ, ಆಮೇಲೆ ಕಡ್ಡಿ ಎಳಿ" ಎಂದು ಸಾವಿರ ಸಲ ಹೇಳಿದ್ದ. ಶರತನಿಗೂ ಹೇಳಿದ್ದ. ಕೇಳಿಸಿಕೊಂಡಿದ್ದರೆ ತಾನೆ.

"ನಾನು ತೆಗೀತೀನಿ" ಎಂದಳು. "ಆದರೆ ಲಾಡ್ಜಿಗೆ ಬರಲ್ಲ. ಇವತ್ತೇ ಮನೆಗೆ. ಮಂಜು ಹತ್ರ."

"ಆಟ ಆಡ್ತೀಯಾ?"

"ಹಂಗಾದ್ರೆ ತಳ್ಕೊಂಡಿರಿ. ಇಲ್ಲಾ ಟ್ರ್ಯಾಕ್ಟರ್‌ನೋರನ್ನ ಕರೀರಿ. ಬಂದೋರು ನನ್ನ ಕೈ ನೋಡ್ಲಿ."

ಶರತ್ ಭೀಮರಾಜನ ಮುಖ ನೋಡಿದ. ಅಲ್ಲಿ ಕೆಸರು ಬಿಟ್ಟು ಬೇರೇನೂ ಇರಲಿಲ್ಲ. "ಆಯ್ತು ಬಾ" ಎಂದ.

ಅವಳು ಇಳಿದು, ಮೊಣಕಾಲೂರಿ, ಎಡಗೈ ಎದೆಗೆ ಒತ್ತಿಕೊಂಡು ಬಲಗೈಯಿಂದ ಒಂದೊಂದೇ ಬೀಗ ತಿರುಗಿಸಿದಳು. ಹತ್ತಿ ಕೂತು, ಕಡ್ಡಿ ಎಳೆದು, ಮೊದಲನೇ ಗೇರಿನಲ್ಲಿ ಮೆಲ್ಲಗೆ ಕ್ಲಚ್ ಬಿಟ್ಟಳು. ಜೀಪು ನರಳುತ್ತಾ ನಾಲ್ಕೂ ಕಾಲಲ್ಲಿ ಕೆಸರು ಹತ್ತಿ ಗಟ್ಟಿ ನೆಲಕ್ಕೆ ಬಂತು. ಗಟ್ಟಿ ನೆಲ ಸಿಕ್ಕಿದ ಮೇಲೆ ಇಳಿದು ಬೀಗ ಬಿಚ್ಚಿದಳು. ಸ್ಟೀರಿಂಗ್ ಮತ್ತೆ ಮುಟ್ಟುವ ಧೈರ್ಯ ಶರತನಿಗಿರಲಿಲ್ಲ. ಅವಳು ಹತ್ತಿ ಕೂರುತ್ತಲೇ ಹಿಂದಿನ ಸೀಟಿನಲ್ಲಿದ್ದ ಭೀಮರಾಜ್ ಅವಳ ಜಡೆಯನ್ನು ಕೈಗೆ ಸುತ್ತಿಕೊಂಡ. "ಊರು ಬರೋಗಂಟ ಇಂಗೇ ಇಟ್ಕೊಂಡಿರ್ತೀನಿ ನಯನಕ್ಕ. ಬೇಜಾರ್ ಮಾಡ್ಕೋಬೇಡಿ."

ಗೇರು ಎಡಗೈಗೆ. ಒಂದೊಂದು ಗೇರು ಹಾಕುವಾಗಲೂ ಮುರಿದ ಬೆರಳು ಮೊಣಕೈವರೆಗೆ ಉರಿಯುತ್ತಿತ್ತು. ಶಿರಾದ ಹತ್ತಿರ ಹೋಟೆಲಿನ ಮುಂದೆ ನಿಲ್ಲಿಸಿ ಶರತ್ ಟೀ ತರಿಸಿದ. ತಂದ ಹೆಂಗಸು ನಯನಾಳನ್ನು ನೋಡಿ, "ಲೇಡೀಸು ಜೀಪ್ ಓಡಿಸ್ತಾ ಇದ್ದೀರಾ, ಭೇಷ್ ಕಣಕ್ಕ" ಎಂದು ನಕ್ಕಳು.

ನಯನಾ ಕನ್ನಡಿ ನೋಡಿಕೊಂಡಳು. ಹಣೆಯ ಬೊಟ್ಟು ಅಳಿಸಿರಲಿಲ್ಲ. ಕಾಡಿಗೆ ಸ್ವಲ್ಪ ಕದಡಿತ್ತು, ಅಷ್ಟೇ. ಸೆರಗಿನ ಕೆಳಗೆ ಪಕ್ಕೆ ಊದಿಕೊಂಡಿತ್ತು, ಕೈ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಮುಖ ಮಾತ್ರ ಪ್ರವಾಸ ಮುಗಿಸಿ ಮನೆಗೆ ಹೊರಟ ಹೆಂಗಸಿನದು. ಸೋಮವಾರ ಆ ಆಫೀಸಿನಲ್ಲಿ, ಸ್ವಂತ ಇಚ್ಛೆಯಿಂದ ಬಂದಿದ್ದೀರಾ ಎಂದು ಕೇಳುತ್ತಾರೆ. ಅವಳು ಬಾಯಿ ಬಿಡುವ ಮೊದಲೇ ಈ ಮುಖ ಹೌದು ಎನ್ನುತ್ತದೆ. ತನ್ನ ಮುಖವೇ ತಮ್ಮನ ಪಕ್ಷ ಸೇರಿಬಿಟ್ಟಿದೆ ಎನ್ನಿಸಿ ಅವಳಿಗೆ ಹೇಸಿಗೆಯಾಯಿತು. ಹೇಸಿಗೆಯ ಹಿಂದೆಯೇ ಸಿಟ್ಟು ಬಂತು. ಟೀ ಕುಡಿದು ಲೋಟ ವಾಪಸ್ ಕೊಟ್ಟಳು.

ದಾಬಸ್‌ಪೇಟೆ, ದೊಡ್ಡಬಳ್ಳಾಪುರ ದಾಟಿದವು. ಶರತ್ ಫೋನಿನಲ್ಲಿ ಹೆಂಡತಿಗೆ ಸೋಮವಾರ ಅಕ್ಕನಿಗೆ ಉಡಿಸುವ ಸೀರೆ ಯಾವುದೆಂದು ಹೇಳುತ್ತಿದ್ದ. "ತುಂಬು ತೋಳಿನ ಬ್ಲೌಸ್ ಇಕ್ಕು" ಎಂದ. ಪುಟ್ಟೇನಹಳ್ಳಿ ಕೆರೆಯ ಬೇಲಿ ಪಕ್ಕದಲ್ಲಿ ಹಾದುಹೋಯಿತು. ಸಂಜೆ ಐದೂವರೆ, ಯಲಹಂಕದ ತುಂಬಾ ಟ್ರಾಫಿಕ್ಕು. ಭೀಮರಾಜ್ ಜಡೆ ಬಿಟ್ಟು ತೂಕಡಿಸುತ್ತಿದ್ದ. ಊರು ಬಂತಲ್ಲ, ಇನ್ನೇನು ಭಯ!

ಕೋಗಿಲಿನ ಬೀದಿಗೆ ತಿರುಗಿದಾಗ ತುದಿಯಲ್ಲಿ ತಮ್ಮನ ಮೂರಂತಸ್ತಿನ ಮನೆ ಕಾಣಿಸಿತು. ಗೇಟಿನ ಎರಡೂ ಕಡೆ ಆಳೆತ್ತರದ ಕರಿಕಲ್ಲಿನ ಕಂಬ. ಮೇಲಿನ ಬಾಲ್ಕನಿಯಲ್ಲಿ ಮಂಜು ನಿಂತಿದ್ದಳು. ಜೀಪು ಕಂಡವಳೇ ಕೈ ಬೀಸಿ ಒಳಗೆ ಓಡಿದಳು, ಮೆಟ್ಟಿಲಿಳಿದು ಬರಲು. ಎದುರು ಮನೆಯ ಲಕ್ಕಮ್ಮಜ್ಜಿ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಬೀದಿಯಲ್ಲಿ ಬೇರೆ ಯಾರೂ ಅಡ್ಡ ಇರಲಿಲ್ಲ. ನಯನಾ ಇಷ್ಟನ್ನೂ ನೋಡಿಕೊಂಡಳು.

ಮೂರನೇ ಗೇರಿಗೆ ಹಾಕಿದಳು. ಬೆರಳು ಉರಿಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದಳು.

"ನಿಧಾನ ಕಣೇ" ಎಂದ ಶರತ್. ಆಮೇಲೆ, "ಏಯ್! ಏಯ್!" ಎಂದು ಸ್ಟೀರಿಂಗಿಗೆ ಕೈ ಹಾಕಿದ. ಅವಳು ಅವನ ಕೈಯನ್ನು ಕಚ್ಚಿದಳು. ಹಲ್ಲು ಮೂಳೆಗೆ ತಾಗುವವರೆಗೆ ಕಚ್ಚಿ ಹಿಡಿದು, ಎಡಗಡೆಯ ಕಂಬಕ್ಕೆ ಗುರಿಯಿಟ್ಟಳು.

ಆ ಜೀಪಿಗೆ ಬೆಲ್ಟು ಗಿಲ್ಟು ಏನೂ ಇಲ್ಲ. ಕಂಬಕ್ಕೆ ಬಡಿದ ಸದ್ದಿಗೆ ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಶರತ್ ಗಾಜಿನೊಳಗೆ ತಲೆ ತೂರಿಸಿದ. ಅವನ ಬಲಗಾಲು ಒಳಗೆ ನುಗ್ಗಿ ಬಂದ ತಗಡಿನ ಕೆಳಗೆ ಸಿಕ್ಕಿ ತಿರುಚಿಕೊಂಡಿತು. ಭೀಮರಾಜ್ ಹಿಂದಿನಿಂದ ಹಾರಿ ಮುಂದಿನ ಸೀಟಿನ ಕಂಬಿಗೆ ಬಡಿದು, ದವಡೆ ಹಿಡಿದುಕೊಂಡು ನೆಲಕ್ಕೆ ಉರುಳಿದ. ನಯನಾಳ ಮುಖ ಸ್ಟೀರಿಂಗಿಗೆ ಅಪ್ಪಳಿಸಿತು. ಮೂಗು ಒಡೆಯಿತು, ಮುಂದಿನ ಎರಡು ಹಲ್ಲು ನಾಲಿಗೆಯ ಮೇಲೆ ಬಂದವು. ಅವನ್ನು ಉಗಿದಳು.

"ಏನಾಯ್ತೇ?" ಎಂದು ಶರತ್ ರಕ್ತದ ಮಧ್ಯದಿಂದ, ಮಂಕು ಕವಿದವನ ಹಾಗೆ ನರಳಿದ. "ಬ್ರೇಕ್ ಇಡೀಲಿಲ್ವಾ?"

"ಬ್ರೇಕ್ ಚೆನ್ನಾಗೇ ಐತೆ ಕಣೋ."

ಬೀದಿಯವರು ಓಡಿ ಬಂದರು. ಅವಳು ಬಾಗಿಲು ಒದ್ದು ಇಳಿದು, ಬಾನೆಟ್ಟು ಹಿಡಿದು ನಿಂತಳು. ಕಲಾವತಿ ಮೆಟ್ಟಿಲ ಮೇಲೆ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅವಳನ್ನು ತಳ್ಳಿಕೊಂಡು ಮಂಜು ಗೇಟಿನಿಂದ ಹೊರಗೆ ಬಂದಳು. ನಯನಾ ಮಗಳ ರಟ್ಟೆ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು. ಈಗ ಮಂಜು ಮನೆಯ ಹೊರಗಿದ್ದಳು, ಬೀದಿಯಲ್ಲಿ, ಎಲ್ಲರ ಕಣ್ಣೆದುರು.

"ಅಯ್ಯೋ ನನ್ನವ್ವ, ಏನಾಗೋಯ್ತೇ!" ಲಕ್ಕಮ್ಮಜ್ಜಿ ಸೆರಗು ಹಿಡಿದು ಮುಖ ಒರೆಸಲು ಬಂದಳು.

"ಒರೆಸ್ಬೇಡ ಲಕ್ಕಮ್ಮಜ್ಜಿ." ನಯನಾ ಊದಿದ ಎಡಗೈಯನ್ನು ಎತ್ತಿ ಮುಖದ ಪಕ್ಕಕ್ಕೆ ಹಿಡಿದಳು. "ಬೆರಳು ಮುರ್ದಿದ್ದು ಇಲ್ಲಲ್ಲ. ಬೆಳಗ್ಗೆ ಹನ್ನೊಂದಕ್ಕೆ ಇವರಿಬ್ರೂ ಸೇರಿ ಮುರುದ್ರು. ಎಲ್ಲಾರೂ ಕೇಳಿಸ್ಕೊಳಿ. ಮಂಜೂ, ಫೋನ್ ಎಲ್ಲಿ?"

ಮಂಜು ಫೋನ್ ಎತ್ತಿದಳು. ಅಳುತ್ತಿದ್ದಳು, ಕೈ ನಿಲ್ಲುತ್ತಿರಲಿಲ್ಲ.

"ಅಳ್ಬೇಡ ಮಗಾ, ಅಲ್ಲಾಡ್ತದೆ" ಎಂದಳು ನಯನಾ, ರಕ್ತ ನುಂಗಿಕೊಂಡು. "ಮುಖ ಪೂರ್ತಿ ಬರೋ ಹಂಗೆ ತೆಗಿ."