ನೆಲ ಬಿಡದ ಕಾಲು

ನನ್ನ ತಂಗಿ ಓಡುವವಳಲ್ಲ, ನಡೆಯುವವಳು. ಇದನ್ನು ಎಷ್ಟು ಜನಕ್ಕೆ ಎಷ್ಟು ಸಲ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ವೇಗನಡಿಗೆ ಅಂತ ಒಂದು ಸ್ಪರ್ಧೆ ಇದೆ, ಒಂದಲ್ಲ ಒಂದು ಪಾದ ಯಾವಾಗಲೂ ನೆಲದ ಮೇಲಿರಬೇಕು, ಎರಡೂ ಒಟ್ಟಿಗೆ ಗಾಳಿಯಲ್ಲಿದ್ದರೆ ಅದು ಓಟ, ಅದು ತಪ್ಪು ಎಂದು ಹೇಳಿ ಮುಗಿಸುವಷ್ಟರಲ್ಲಿ, "ಅಷ್ಟು ಕಷ್ಟ ಯಾಕೆ, ಓಡಿಬಿಟ್ರೆ ಆಗಲ್ವಾ?" ಎಂದು ಕೇಳುತ್ತಾರೆ. ಅಂಥವರ ಹತ್ತಿರ ಮಾತಾಡಿ ಬಾಯಿ ನೋಯಿಸಿಕೊಳ್ಳುವುದನ್ನು ನಾನು ಬಿಟ್ಟಿದ್ದೇನೆ.

ಮೊಣಕಾಲು ಮಡಿಸದೆ, ಸೊಂಟ ಹೊರಳಿಸುತ್ತಾ ಅವಳು ಹೋಗುವುದನ್ನು ನೋಡಿ ಬೀದಿಯ ಮಕ್ಕಳು ಬಾತುಕೋಳಿ ಎಂದು ಕೂಗುತ್ತಿದ್ದರು. ಮನೆಯಲ್ಲಿ ನಾವೂ ಅದನ್ನೇ ಚಿಕ್ಕದು ಮಾಡಿ ಬಾತು ಎಂದು ಕರೆದೆವು. ಅವಳಿಗೆ ಅದರಿಂದ ಬೇಜಾರೇನೂ ಇರಲಿಲ್ಲ. "ಬಾತುಕೋಳಿ ಎಡವಿ ಬಿದ್ದಿದ್ದನ್ನ ಯಾರಾದ್ರೂ ನೋಡಿದ್ದೀರಾ?" ಎನ್ನುತ್ತಿದ್ದಳು.

ಅವಳಿಗೆ ದೊಡ್ಡ ಪದಕಗಳೇನೂ ಬಂದಿರಲಿಲ್ಲ. ಇದ್ದದ್ದು ಒಂದೇ ಹೆಮ್ಮೆ. ಸ್ಪರ್ಧೆಯ ದಾರಿಯುದ್ದಕ್ಕೂ ತೀರ್ಪುಗಾರರು ನಿಂತು ಕಾಲುಗಳನ್ನೇ ನೋಡುತ್ತಿರುತ್ತಾರೆ. ಅನುಮಾನ ಬಂದರೆ ಹಳದಿ ಫಲಕ ತೋರಿಸುತ್ತಾರೆ, ತಪ್ಪು ಕಂಡರೆ ಕೆಂಪು ಕಾರ್ಡು ಬರೆಯುತ್ತಾರೆ. ಮೂರು ಕೆಂಪು ಬಿದ್ದರೆ ಮನೆಗೆ. ಶಾಲೆಯ ದಿನಗಳಿಂದ ಹಿಡಿದು ಬಾತುವಿನ ಹೆಸರಿಗೆ ಒಂದೇ ಒಂದು ಕೆಂಪು ಕಾರ್ಡು ಬಂದಿರಲಿಲ್ಲ. ಗೆದ್ದವರೂ ಇವಳ ಹತ್ತಿರ ಬಂದು ನಿನ್ನ ನಡಿಗೆ ಎಷ್ಟು ಶುದ್ಧ ಎಂದು ಹೇಳಿ ಹೋಗುತ್ತಿದ್ದರು. ಅಂಥ ದಿನ ಅವಳ ಕಾಲು ನೆಲದ ಮೇಲಿರುತ್ತಿರಲಿಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ಆಗ ಅದು ತಮಾಷೆಯೇ ಆಗಿತ್ತು.

ಆ ಶುದ್ಧಿಯ ಹಿಂದೆ ಇದ್ದವರು ಮೇಷ್ಟ್ರು. ಶಾಲೆಯಲ್ಲಿ ಡ್ರಿಲ್ ಮಾಡಿಸುತ್ತಿದ್ದವರು, ನಿವೃತ್ತರಾದ ಮೇಲೂ ಇವಳನ್ನು ಬಿಡಲಿಲ್ಲ. ಬೆಳಿಗ್ಗೆ ಕೆರೆಯ ಸುತ್ತಿನ ರಸ್ತೆಗೆ ಬಂದು, ಹೊಟ್ಟೆಯಡಿಗೆ ಒಂದು ಟವೆಲ್ ಹಾಸಿಕೊಂಡು, ಕೆನ್ನೆಯನ್ನು ಡಾಂಬರಿಗೆ ಒತ್ತಿ ಮಲಗಿಬಿಡುತ್ತಿದ್ದರು. ಎರಡೂ ಪಾದಗಳ ಅಡಿಯಲ್ಲಿ ಒಟ್ಟಿಗೆ ಬೆಳಕು ಕಂಡರೆ ತಪ್ಪು, ಕಾಣದಿದ್ದರೆ ಸರಿ. ಇಷ್ಟೇ ಅವರ ವಿದ್ಯೆ. ದಿನಾ ಅಂಗಿಯ ಎದೆಯನ್ನು ಮಣ್ಣು ಮಾಡಿಕೊಂಡು ಮನೆಗೆ ಹೋಗಿ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದರು.

ರಜೆಯ ದಿನ ಬಾತುವಿನ ಹಿಂದೆ ನಮ್ಮದೊಂದು ದಂಡೇ ಹೊರಡುತ್ತಿತ್ತು. ರಿಟೈರ್ಡ್ ಸ್ಟೇಷನ್ ಮಾಸ್ಟರ್, ಔಷಧಿ ಅಂಗಡಿಯಾಕೆ, ಅವಳ ನಾದಿನಿ, ಹೋಟೆಲಿನ ಲಾಂಡ್ರಿಯಲ್ಲಿ ದುಡಿಯುವ ನಾನು. ಬಾತು ಒಂದು ಸುತ್ತು ಮುಗಿಸಿ ನಮ್ಮನ್ನು ಹಿಂದೆ ಹಾಕಿ ಮತ್ತೆ ಹೋಗುವಾಗ ನಾವು ಊರವರ ಸಂಸಾರಗಳನ್ನೆಲ್ಲ ಜಾಲಾಡಿ ಮುಗಿಸಿರುತ್ತಿದ್ದೆವು. ಆಮೇಲೆ ಎಲ್ಲರ ಕೈಗೂ ಹೆಜ್ಜೆ ಎಣಿಸುವ ಗಡಿಯಾರ ಬಂತು. ವಾರಕ್ಕೊಮ್ಮೆ ಯಾರು ಮೊದಲು, ಯಾರು ಕೊನೆ ಎಂದು ಎಲ್ಲರ ಫೋನಿಗೂ ಪಟ್ಟಿ ಬರುತ್ತಿತ್ತು. ಸ್ಟೇಷನ್ ಮಾಸ್ಟರ್ ಪ್ರತಿ ಸಲವೂ ಕೊನೆ. ಮೊದಮೊದಲು, "ನಮ್ಮ ಗಾಡಿ ಯಾವತ್ತಿದ್ರೂ ಲೇಟೇ" ಎಂದು ನಕ್ಕರು. ಆಮೇಲೆ ಬರುವುದನ್ನೇ ನಿಲ್ಲಿಸಿದರು. ಔಷಧಿ ಅಂಗಡಿಯಾಕೆ ಮಾತಾಡುತ್ತಾ ನಡೆದರೆ ಉಸಿರು ಹಾಳು ಎಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು, ಅವಳ ನಾದಿನಿ ಮನೆಯಲ್ಲೇ ಓಡುವ ಯಂತ್ರ ಹಾಕಿಸಿಕೊಂಡಳು. ನನ್ನ ಗಡಿಯಾರವಂತೂ ಇಡೀ ದಿನ ಒದ್ದೆ ಬೆಡ್‌ಶೀಟಿನ ಟ್ರಾಲಿ ತಳ್ಳಿ ಬಂದವಳಿಗೆ, ಇವತ್ತು ನೀವು ಕೂತೇ ಇದ್ದೀರಿ ಎನ್ನುತ್ತಿತ್ತು. ಟ್ರಾಲಿ ಹಿಡಿದ ಕೈ ಅಲ್ಲಾಡುವುದಿಲ್ಲ, ಅದಕ್ಕೆ ಹೆಜ್ಜೆ ಲೆಕ್ಕಕ್ಕೆ ಬರುವುದಿಲ್ಲವಂತೆ. ಅದನ್ನು ಬಿಚ್ಚಿ ಡ್ರಾಯರಿಗೆ ಎಸೆದೆ. ಹೀಗೆ ಒಂದು ಜಗಳವೂ ಇಲ್ಲದೆ ದಂಡು ಕರಗಿ, ರಸ್ತೆಯಲ್ಲಿ ಬಾತು ಮತ್ತು ಮಲಗಿದ ಮೇಷ್ಟ್ರು ಇಬ್ಬರೇ ಉಳಿದರು.

ಆ ಇಬ್ಬರ ನಡುವೆಯೂ ಒಂದು ದಿನ ಕೊರಿಯರಿನಲ್ಲಿ ಡಬ್ಬಿ ಬಂತು. ಇನ್ನು ಮುಂದೆ ಕಾಲನ್ನು ತೀರ್ಪುಗಾರರು ನೋಡುವುದಿಲ್ಲ, ಬೂಟುಗಳೊಳಗೆ ಹಾಕುವ ಈ ತೆಳ್ಳನೆಯ ಪಟ್ಟಿ ನೋಡುತ್ತದೆ ಎಂದು ಕ್ರೀಡಾ ಸಂಸ್ಥೆ ತಿಳಿಸಿತ್ತು. ಎರಡೂ ಪಾದ ಒಟ್ಟಿಗೆ ನೆಲ ಬಿಟ್ಟರೆ ಪಟ್ಟಿ ಫೋನಿಗೆ ಹೇಳುತ್ತದೆ, ಫೋನು ಟುಂಯ್ ಎನ್ನುತ್ತದೆ. ಬೇಸಿಗೆಯಲ್ಲಿ ನಡೆಯುವ ಆಯ್ಕೆ ಸ್ಪರ್ಧೆಯಲ್ಲೂ ಇದೇ. ಅಲ್ಲಿ ಮೊದಲ ಮೂವರಿಗೆ ಮಾತ್ರ ರಾಷ್ಟ್ರೀಯ ಶಿಬಿರದಲ್ಲಿ ಜಾಗ. ಶಿಬಿರದಲ್ಲಿ ಈಗಾಗಲೇ ಇದ್ದ ಹುಡುಗಿಯರು ಈ ಪಟ್ಟಿ ಹಾಕಿಕೊಂಡು ವರ್ಷದಿಂದ ಅಭ್ಯಾಸ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು.

"ನನ್ನ ವಯಸ್ಸಿಗೆ ಇನ್ನೊಂದು ಸಲ ಅನ್ನೋದಿಲ್ಲ ಅಕ್ಕ," ಎಂದಳು ಬಾತು. "ಆದ್ರೆ ಈ ಸಲಾನೇ ಆಗ್ಬೇಕು. ಇಲ್ಲಾಂದ್ರೆ ಇಲ್ಲ."

"ನಿನಗೇನೇ ಭಯ? ಕೆಂಪೇ ಕಾಣದವಳು ನೀನು. ಭಯ ಬೀಳಬೇಕಾದವರು ಬೇರೆಯವರು," ಎಂದೆ. ನಾನು ಅದನ್ನು ಮನಸಾರೆ ನಂಬಿದ್ದೆ.

ಮಾರನೆಯ ಬೆಳಿಗ್ಗೆ ಫೋನು ನನ್ನ ಕೈಯಲ್ಲಿತ್ತು. ಮೇಷ್ಟ್ರು ಟವೆಲ್ ಹಾಸಿ ಮಲಗಿದರು. ಬಾತು ದೂರದಿಂದ ಬಂದಳು, ಎಂದಿನ ಹಾಗೆ, ನೀರಿನ ಮೇಲೆ ಸರಿದಂತೆ. ಫೋನು ಟುಂಯ್ ಎಂದಿತು. ಮತ್ತೆ ಟುಂಯ್. ಹೆಜ್ಜೆಹೆಜ್ಜೆಗೂ ಬಿಡದೆ ಹೊಡೆದುಕೊಂಡಿತು.

"ಯಂತ್ರ ಕೆಟ್ಟಿದೆ," ಎಂದರು ಮೇಷ್ಟ್ರು ಮಲಗಿದಲ್ಲಿಂದಲೇ. "ಪಾದ ನೆಲದಲ್ಲೇ ಇದೆ. ನನ್ನ ಕಣ್ಣಾರೆ ನೋಡ್ತಾ ಇದ್ದೀನಲ್ಲ."

ಪರೀಕ್ಷೆಗೆಂದು ಪಟ್ಟಿಯನ್ನು ನನ್ನ ಬೂಟಿಗೆ ಹಾಕಿದರು. ನಾನು ಹಸುವಿನ ಹಾಗೆ ಹೋಗಿ ಹಸುವಿನ ಹಾಗೆ ಬಂದೆ. ಫೋನು ಕಮಕ್ ಕಿಮಕ್ ಅನ್ನಲಿಲ್ಲ. ಯಂತ್ರ ಕೆಟ್ಟಿರಲಿಲ್ಲ.

ಮೇಷ್ಟ್ರು ಎದ್ದು ಅಂಗಿ ಕೊಡವಿಕೊಂಡರು. ಬಾತು ಅವರನ್ನೇ ನೋಡುತ್ತಿದ್ದಳು. "ಅಂದ್ರೆ ಸಾರ್, ಇಷ್ಟು ವರ್ಷ ನಾನು ಓಡ್ತಾ ಇದ್ನಾ?"

"ಎಲ್ಲರ ಕಾಲೂ ಒಂದು ಚೂರು ಏಳುತ್ತೆ ಕಣಮ್ಮ. ಕಣ್ಣಿಗೆ ಕಾಣೋದಿಲ್ಲ. ಕಣ್ಣಿಗೆ ಕಾಣದ್ದು ತಪ್ಪಲ್ಲ ಅಂತ ನಿಯಮದಲ್ಲೇ ಇತ್ತು."

"ಇತ್ತು," ಎಂದಳು ಬಾತು.

ಆ ದಿನ ಅವಳು ಮನೆಗೆ ಬಂದು ತನ್ನ ಹಳೆಯ ಪ್ರಮಾಣಪತ್ರಗಳನ್ನೆಲ್ಲ ಗೋಡೆಯಿಂದ ಇಳಿಸಿದಳು. ಅಮ್ಮ ಧೂಳು ಒರೆಸಲಿಕ್ಕೆಂದುಕೊಂಡು ಬಟ್ಟೆ ತಂದುಕೊಟ್ಟಳು. ಬಾತು ಒರೆಸಿದಳು, ಮತ್ತೆ ತೂಗುಹಾಕಲಿಲ್ಲ.

ಸಂಸ್ಥೆಯವರೇನೂ ಅಷ್ಟು ಕಟುಕರಲ್ಲ. ಕಣ್ಣು ರೆಪ್ಪೆ ಹೊಡೆಯುವುದಕ್ಕಿಂತ ಕಡಿಮೆ ಹೊತ್ತು ಕಾಲು ಎದ್ದರೆ ಪರವಾಗಿಲ್ಲ ಎಂದು ಮಿತಿ ಇಟ್ಟಿದ್ದರು. ಬಾತುವಿನ ಕಾಲು ಆ ಮಿತಿಗಿಂತ ಒಂದಿಷ್ಟೇ ಹೆಚ್ಚು ಏಳುತ್ತಿತ್ತು. ಅದನ್ನು ಸ್ವಲ್ಪ ತಗ್ಗಿಸಿಕೊಂಡಿದ್ದರೆ ಸಾಕಿತ್ತು. ಆದರೆ ನಮ್ಮ ಮನೆಯ ಜಾಯಮಾನವೇ ಬೇರೆ. ಅಮ್ಮ ಬಟ್ಟೆ ಹೊಲಿಯುವವಳು. ಒಳಗಡೆ ಒಂದು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟೇ ಹೊಲಿಯುತ್ತಾಳೆ, ನಾಳೆ ಯಾರು ದಪ್ಪಗಾಗುತ್ತಾರೋ ಎಂದು. ನಾವು ರೈಲು ಹತ್ತಬೇಕೆಂದರೆ ಅದಕ್ಕಿಂತ ಹಿಂದಿನ ರೈಲು ಇನ್ನೂ ಹೊರಟಿರದ ಹೊತ್ತಿಗೇ ನಿಲ್ದಾಣದಲ್ಲಿರುತ್ತೇವೆ. ಅಂಥ ಮನೆಯಲ್ಲಿ ಬೆಳೆದ ಬಾತು, ಫೋನಿನಲ್ಲಿ ಮಿತಿಯನ್ನು ಸೊನ್ನೆಗೆ ಇಳಿಸಿದಳು. ಕೂದಲೆಳೆಯಷ್ಟು ಎದ್ದರೂ ಶಬ್ದವಾಗಲಿ, ಅಭ್ಯಾಸದಲ್ಲಿ ಅಷ್ಟು ಬಿಗಿಯಿದ್ದರೆ ಸ್ಪರ್ಧೆಯ ದಿನ ಸಲೀಸು ಎಂಬುದು ಅವಳ ಲೆಕ್ಕ.

"ಬೇಡಮ್ಮ," ಎಂದರು ಮೇಷ್ಟ್ರು. "ನಿಯಮ ಎಷ್ಟು ಬಿಟ್ಟಿದೆಯೋ ಅಷ್ಟನ್ನೂ ಬಳಸ್ಕೋಬೇಕು. ಉಳಿದವರು ಬಳಸ್ಕೊತಾರೆ."

"ಉಳಿದವರು ಏನಾದ್ರೂ ಮಾಡ್ಲಿ ಸಾರ್. ನನಗೆ ಇನ್ನು ಒಂದು ಶಬ್ದಾನೂ ಬೇಡ."

ಅಮ್ಮನಿಗೂ ಅದೇ ಸರಿ ಕಂಡಿತು. ಒಂದು ಬೆರಳು ಹೆಚ್ಚಿಗೆ ಬಿಟ್ಟವರು ಯಾರೂ ಕೆಟ್ಟದ್ದಿಲ್ಲ ಎಂದಳು.

ಅಲ್ಲಿಂದ ಆ ಟುಂಯ್ ನಮ್ಮ ಮನೆಯನ್ನು ಹೊಕ್ಕಿತು. ಲಾಂಡ್ರಿಯಲ್ಲಿ ಒಗೆಯುವ ಯಂತ್ರ, ಒಣಗಿಸುವ ಯಂತ್ರ, ಇಸ್ತ್ರಿಯ ರೋಲರ್, ಒಂದೊಂದೂ ಮುಗಿದೊಡನೆ ಕೂಗಿಕೊಳ್ಳುವುದನ್ನು ಕೇಳಿ ಕೇಳಿ ತಲೆ ಚಿಟ್ಟು ಹಿಡಿದು ಮನೆಗೆ ಬಂದರೆ ಇಲ್ಲಿಯೂ ಅದೇ ಹಾಡು. ಬಾತು ಬೂಟು ಬಿಚ್ಚುತ್ತಲೇ ಇರಲಿಲ್ಲ. ಎಂದಿನ ಚುರುಕಿನಲ್ಲಿ ಅಡುಗೆಮನೆಗೆ ಹೋದರೆ ಟುಂಯ್, ಬಾಗಿಲು ತೆಗೆಯಲು ಹೋದರೆ ಟುಂಯ್. ಪ್ರತಿ ಶಬ್ದಕ್ಕೂ ನಿಂತು, ಹಿಂದಕ್ಕೆ ಹೋಗಿ, ಅದೇ ಹೆಜ್ಜೆಯನ್ನು ಮತ್ತೆ ಇಡುತ್ತಿದ್ದಳು. ಒಂದು ಲೋಟ ನೀರು ಕೇಳಿದರೆ ಅದು ಬರುವಷ್ಟರಲ್ಲಿ ಬಾಯಾರಿಕೆಯೇ ಮರೆತುಹೋಗುತ್ತಿತ್ತು. ನಾನು ರೇಗಿದೆ, ಬೈದೆ, ಫೋನನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟೆ. ಅಲ್ಲಿಂದಲೂ ಕೂಗಿತು.

ದಿನ ಕಳೆದಂತೆ ಶಬ್ದ ಕಡಿಮೆಯಾಯಿತು, ಕೊನೆಗೆ ನಿಂತೇಹೋಯಿತು. "ನೋಡಿದ್ಯಾ, ಸರಿ ಹೋಯ್ತು," ಎಂದು ಅಮ್ಮ ಹಿಗ್ಗಿದಳು. ಕೆರೆಯ ರಸ್ತೆಯಲ್ಲಿ ಮೇಷ್ಟ್ರು ಮಾತ್ರ ಸ್ಟಾಪ್‌ವಾಚನ್ನು ನೋಡಿ ಜೇಬಿಗೆ ಹಾಕಿಕೊಂಡರು. ನೀರಿನ ಮೇಲೆ ಸರಿಯುತ್ತಿದ್ದವಳು ಈಗ ಕತ್ತಲೆಯಲ್ಲಿ ಮೆಟ್ಟಿಲು ಹುಡುಕುವವರ ಹಾಗೆ ಪಾದವನ್ನು ಮುಂದಕ್ಕೆ ನೂಕುತ್ತಿದ್ದಳು. ಸ್ಪರ್ಧೆ ಹತ್ತಿರ ಬಂದಾಗ ಅವಳೂ ಗಾಬರಿಯಾಗಿ ಮಿತಿಯನ್ನು ಮೊದಲಿದ್ದಲ್ಲಿಗೆ ಏರಿಸಿದಳು.

"ಏರಿಸಿದೀನಿ ಅಕ್ಕ," ಎಂದಳು. "ಕಾಲು ಕೇಳ್ತಾ ಇಲ್ಲ."

ಸ್ಪರ್ಧೆ ಒಂದು ಕ್ರೀಡಾಂಗಣದ ಸುತ್ತಿನ ರಸ್ತೆಯಲ್ಲಿ. ದಾರಿಯುದ್ದಕ್ಕೂ ತೀರ್ಪುಗಾರರು ಇರಲಿಲ್ಲ, ಫಲಕಗಳೂ ಇರಲಿಲ್ಲ. ದೊಡ್ಡ ಕೊಡೆಯ ಕೆಳಗೆ ಕೂತು ಇಬ್ಬರು ಪರದೆ ನೋಡುತ್ತಿದ್ದರು, ಅವರು ರಸ್ತೆಯ ಕಡೆ ತಲೆ ಎತ್ತಿದ್ದನ್ನು ನಾನು ಕಾಣಲಿಲ್ಲ. ಮೇಷ್ಟ್ರು ಅಭ್ಯಾಸಬಲದಿಂದ ತಿರುವಿನಲ್ಲಿ ಟವೆಲ್ ಹಾಸಿ ಕೆನ್ನೆ ಒತ್ತಿ ಮಲಗಿಬಿಟ್ಟರು. ಕಾವಲಿನವರು ಓಡಿಬಂದು ಅವರನ್ನು ಎತ್ತಿ ಕೂರಿಸಿದರು. ಒಬ್ಬ ತಲೆಗೆ ನೀರು ಚಿಮುಕಿಸಿದ, ಇನ್ನೊಬ್ಬ ಆಂಬುಲೆನ್ಸಿಗೆ ಕೈ ಬೀಸಿದ.

"ನನಗೇನೂ ಆಗಿಲ್ಲಪ್ಪ. ಕಾಲು ನೋಡ್ತಾ ಇದ್ದೆ," ಎಂದರು ಮೇಷ್ಟ್ರು.

"ನಿಮ್ಮ ಕಾಲಿಗೇನೂ ಆಗಿಲ್ಲ ತಾತ, ಸುಮ್ನೆ ಕೂತ್ಕೊಳ್ಳಿ," ಎಂದ ನೀರು ಚಿಮುಕಿಸಿದವನು.

ಅಷ್ಟರಲ್ಲಿ ಬಾತು ಆ ತಿರುವಿಗೆ ಬಂದಳು. ತೊಯ್ದ ತಲೆಯ ಮೇಷ್ಟ್ರನ್ನು ಇಬ್ಬರು ಹಿಡಿದುಕೊಂಡಿದ್ದನ್ನು ನೋಡಿದಳು. ನಿಲ್ಲಲಿಲ್ಲ. ಉಳಿದವರೆಲ್ಲ ಆಗಲೇ ಅವಳಿಗಿಂತ ಒಂದು ಸುತ್ತು ಮುಂದಿದ್ದರು.

ಅವಳು ಕೊನೆಯ ಗೆರೆ ಮುಟ್ಟಿದಾಗ ಅಕ್ಕಪಕ್ಕದ ರಿಬ್ಬನ್ನನ್ನು ಸುತ್ತಿಡುತ್ತಿದ್ದರು. ಕೊಡೆಯ ಕೆಳಗಿನವರಲ್ಲಿ ಒಬ್ಬ ಎದ್ದುಬಂದು, "ಮೇಡಂ, ಇವತ್ತು ಒಂದೇ ಒಂದು ತಪ್ಪೂ ದಾಖಲಾಗದೇ ಇರೋದು ನಿಮ್ಮದು ಮಾತ್ರ. ಗೆದ್ದವರ ಕಾಲೂ ಅಲ್ಲಲ್ಲಿ ಎದ್ದಿದೆ," ಎಂದ. ಪಾಪ, ಮೆಚ್ಚಿಕೊಂಡೇ ಹೇಳಿದ. ಅವನ ಕೆನ್ನೆಗೆ ಬಾರಿಸಬೇಕೆಂದು ನನ್ನ ಕೈ ತುರಿಸಿತು. ಬಾತು ಥ್ಯಾಂಕ್ಸ್ ಎಂದು ಹೇಳಿ, ಬೂಟಿನಿಂದ ಪಟ್ಟಿ ತೆಗೆದು, ಒರೆಸಿ, ಅವನ ಕೈಗೇ ಕೊಟ್ಟಳು.

ಪೀಡೆ ತೊಲಗಿತು ಎಂದುಕೊಂಡೆ. ತೊಲಗಲಿಲ್ಲ. ಪಟ್ಟಿಯಿಲ್ಲ, ಫೋನಿನಲ್ಲಿ ಶಬ್ದವಿಲ್ಲ, ಆದರೂ ಅವಳು ನೆಲ ಬಿಟ್ಟು ಕಾಲೆತ್ತಲಾರಳು. ಚಪ್ಪಲಿ ಎಳೆಯುತ್ತಾ ಹೋಗುತ್ತಾಳೆ, ಬಸ್ಸು ಕಣ್ಣೆದುರೇ ಹೊರಟರೂ ಹೆಜ್ಜೆ ಚುರುಕಾಗುವುದಿಲ್ಲ. ಡಾಕ್ಟರು ಮೊಣಕಾಲು ಬಡಿದು ನೋಡಿ, ಏನೂ ದೋಷವಿಲ್ಲ, ದಿನಾ ಸ್ವಲ್ಪ ವಾಕಿಂಗ್ ಮಾಡಿ ಎಂದರು. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು, "ಕಾಲೆತ್ತಿ ನಡಿಯೇ ಪುಟ್ಟಿ," ಎನ್ನುತ್ತಾಳೆ. ಈಗ ಯಾರೂ ಅವಳನ್ನು ಬಾತು ಎನ್ನುವುದಿಲ್ಲ. ಮೇಷ್ಟ್ರು ಒಂದು ಸಲ ಬಂದಿದ್ದರು. ಬಾಗಿಲು ತೆರೆಯಲು ಅವಳು ಕಾಲೆಳೆದುಕೊಂಡು ಬಂದ ರೀತಿಯನ್ನು ನೋಡಿದರು, ಚಹಾ ಕುಡಿದರು, ಕೆಲಸವಿದೆ ಎಂದು ಹೋದರು. ಅವರಿಗೆ ಯಾವ ಕೆಲಸವೂ ಇಲ್ಲ.

ಮೊನ್ನೆ ಮಧ್ಯಾಹ್ನ ನನಗೆ ರಜೆ. ನಡುಮನೆಯಿಂದ ಅಡುಗೆಮನೆಗೆ ಹೋಗುವ ಓಣಿಯಂಥ ಜಾಗದಲ್ಲಿ ಅವಳು ಗೋಡೆ ಹಿಡಿದು ನಿಂತಿದ್ದಳು.

"ಅಕ್ಕ, ಸ್ವಲ್ಪ ನೋಡ್ತೀಯಾ?"

ಏನು ಎಂದು ಕೇಳಬೇಕಿರಲಿಲ್ಲ. ನಾನು ಹೊಟ್ಟೆಯ ಮೇಲೆ ಮಲಗಿ ಕೆನ್ನೆಯನ್ನು ಟೈಲ್ಸಿಗೆ ಒತ್ತಿದೆ. ಎರಡು ಬರಿಗಾಲುಗಳು ನನ್ನ ಕಡೆ ಬಂದವು. ಹಿಮ್ಮಡಿ, ಅಂಗಾಲು, ಬೆರಳು. ಮುಂದೆ ಹೋಗುವ ಪಾದವೂ ನೆಲವನ್ನು ಉಜ್ಜಿಕೊಂಡೇ ಹೋಗುತ್ತಿತ್ತು. ನೆಲಕ್ಕೂ ಅವಳಿಗೂ ನಡುವೆ ಎಲ್ಲಿಯೂ ಬೆಳಕು ಕಾಣಲಿಲ್ಲ. ಒಂದೇ ಒಂದು ಗೆರೆ ಬೆಳಕು ಕಾಣಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ಎದ್ದಿತಾ?"

"ಇಲ್ಲ ಕಣೇ."

"ಸರಿಯಾಗಿ ನೋಡಿದ್ಯಾ?"

"ನೋಡ್ದೆ. ಒಂದು ಚೂರೂ ಎದ್ದಿಲ್ಲ."

"ನಿನ್ನ ಕಣ್ಣಿಗೆ ಅದು ಕಾಣ್ಸಲ್ಲ ಬಿಡು," ಎಂದು, ಮತ್ತೆ ಮೊದಲಿನಿಂದ ನಡೆಯಲು ಗೋಡೆಯ ಕಡೆಗೆ ಕಾಲೆಳೆದುಕೊಂಡು ಹೋದಳು.