ಮಣ್ಣಿನ ಸೈನಿಕರ ಹೊಟ್ಟೆಯೊಳಗಿನ ಹೆಣ

ಮೂವತ್ತು ವರ್ಷದಿಂದ ಮಣ್ಣಿನ ಬೊಂಬೆ ಮಾಡಿ ಸುಡುತ್ತಿದ್ದೇನೆ. ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು. ಆದರೆ ಹಸಿ ಮಣ್ಣನ್ನು ಬೆಂಕಿಗೆ ಇಟ್ಟರೆ ಏನಾಗುತ್ತದೆಂದು ಯಾವ ಪೇಪರಿನವನೂ ನನಗೆ ಹೇಳಿಕೊಡಬೇಕಾಗಿಲ್ಲ.

ಮ್ಯೂಸಿಯಮ್ಮಿನಲ್ಲಿ ಗೈಡ್ ಕೆಲಸ ಖಾಲಿಯಿತ್ತು. ಅದಕ್ಕಾಗಿ ನನ್ನ ಮಗಳು ಎರಡು ವರ್ಷ ಲೈಬ್ರರಿಯಲ್ಲಿ ಕೂತು ಓದಿದ್ದಳು. ಸಂದರ್ಶನದಲ್ಲಿ ಸಮಿತಿಯ ಅಧ್ಯಕ್ಷರು ಕೇಳಿದರಂತೆ: ಚೀನಾದ ಮೊದಲ ಚಕ್ರವರ್ತಿಯ ಸಮಾಧಿ ಕಾಯಲು ನಿಲ್ಲಿಸಿದ ಮಣ್ಣಿನ ಸೈನಿಕರ ಒಳಗೆ ಏನಿದೆ? ಏನೂ ಇಲ್ಲ, ಪೊಳ್ಳು, ತಲೆಯನ್ನು ಬೇರೆಯಾಗಿ ಮಾಡಿ ಮೇಲೆ ಕೂರಿಸಿದ್ದು ಎಂದಳು. ತಪ್ಪು ಎಂದರು. ನಿಜವಾದ ಸೈನಿಕರನ್ನು ಕೊಂದು ಒಳಗಿಟ್ಟು ಸುಟ್ಟಿದ್ದಾರೆ, ಭಾನುವಾರದ ಪೇಪರಿನಲ್ಲಿ ಅರ್ಧ ಪುಟ ಬಂದಿದೆ, ಪೇಪರನ್ನೂ ಓದದೆ ಗೈಡ್ ಆಗಲು ಬಂದಿದ್ದೀಯೇನಮ್ಮ ಎಂದು ನಕ್ಕರು. ಕೆಲಸ ತಪ್ಪಿತು. ಮೇಲ್ಮನವಿಗೆ ಹತ್ತು ದಿನ ಕೊಟ್ಟರು.

ಪೇಪರಿನವರೇ ತಪ್ಪು ಒಪ್ಪಿಕೊಂಡರೆ ಅಧ್ಯಕ್ಷರ ಬಾಯಿ ಮುಚ್ಚುತ್ತದೆಂದು ಪೇಪರ್ ಆಫೀಸಿಗೆ ಹೊರಟೆ. ನೀನು ಜಗಳ ಮಾಡಿಕೊಂಡು ಬರುತ್ತೀಯ, ಬೇಡ ಎಂದಳು ಮಗಳು. ಜಗಳ ಆಗಲಿಲ್ಲ. ಆಗಿದ್ದರೇ ಚೆನ್ನಾಗಿತ್ತು.

ಲೇಖನ ಬರೆದವನು ಮರ್ಯಾದೆಯಿಂದ ಕುರ್ಚಿ ಎಳೆದುಕೊಟ್ಟ. ಯಾರನ್ನು ಕೇಳಿ ಬರೆದೆ ಎಂದರೆ ಎಲ್ಲ ಕಡೆ ಹಾಗೇ ಇದೆ ಎಂದ.

"ನೋಡಪ್ಪಾ," ಅಂದೆ, "ಸ್ವಲ್ಪ ಪಸೆ ಉಳಿದರೂ ಗೇಣುದ್ದದ ಬೊಂಬೆ ಭಟ್ಟಿಯೊಳಗೆ ಪಟಾರ್ ಅಂತ ಸಿಡಿಯುತ್ತೆ. ನೀನು ಆಳುದ್ದದ ಹೆಣಾನೇ ಇಡಿಸಿದ್ದೀಯಲ್ಲ, ಅದರ ರಕ್ತ, ನೀರು ಎಲ್ಲಿಗೆ ಹೋಗುತ್ತೆ, ನಿಮ್ಮ ಸಂಪಾದಕರ ಮನೆಗಾ?"

"ಸೂಪರ್ ಯಜಮಾನ್ರೇ. ಇದನ್ನೇ ಹಾಕ್ತೀವಿ."

ಬರೆದುಕೊಂಡ. ಕೈಯಲ್ಲಿ ಬೊಂಬೆ ಹಿಡಿಸಿ ಫೋಟೋ ತೆಗೆದ. ಗೆದ್ದೆನೆಂದು ಉಬ್ಬಿಕೊಂಡು ಮನೆಗೆ ಬಂದೆ.

ಮನವಿ ಕೊಡುವ ಕೊನೆಯ ದಿನ ಬೆಳಿಗ್ಗೆ ಅಂಗಡಿಯಲ್ಲಿ ಪೇಪರ್ ತಿರುವಿದರೆ ನನ್ನ ಫೋಟೋ. ಓದುವಷ್ಟು ತಾಳ್ಮೆ ನನಗೆಲ್ಲಿ? ಆ ಪುಟವನ್ನು ಮಡಿಚಿ, ಮಗಳ ಮನವಿಗೆ ಪಿನ್ ಹೊಡೆದು, ಇವನೇ ಇವಳ ತಂದೆ ಎಂದು ಫೋಟೋ ಪಕ್ಕದಲ್ಲಿ ಬರೆದು, ಮ್ಯೂಸಿಯಮ್ಮಿನ ಆಫೀಸಿನಲ್ಲಿ ಕೊಟ್ಟೇ ಬಂದೆ. ಇನ್ನೊಂದು ಪ್ರತಿಯನ್ನು ಮನೆಯಲ್ಲಿ ಮಗಳ ಮುಂದೆ ಎಸೆದು, ಓದು ಎಂದೆ.

ಓದಿದಳು. 'ಹೆಣವಿದ್ದರೂ ಬೊಂಬೆ ಸಿಡಿಯದಂತೆ ಸುಡುವ ವಿದ್ಯೆ ಚೀನೀಯರಿಗೆ ತಿಳಿದಿತ್ತು: ಅನುಭವಿ ಕುಶಲಕರ್ಮಿಯ ಬೆರಗು.'

ಮ್ಯೂಸಿಯಮ್ಮಿಗೆ ಓಡಿಹೋಗಿ ಆ ಪುಟ ವಾಪಸ್ ಕೇಳಿದೆ. ಒಮ್ಮೆ ಒಳಗೆ ಬಂದ ಕಾಗದ ವಾಪಸ್ ಕೊಡುವುದಿಲ್ಲ ಎಂದ ಗುಮಾಸ್ತ. ಪೇಪರಿನವನಿಗೆ ಫೋನ್ ಮಾಡಿದರೆ, ಮೇಲಿನವರು ಸ್ವಲ್ಪ ತಿದ್ದಿದ್ದಾರೆ, ಫೋಟೋ ಚೆನ್ನಾಗಿ ಬಂದಿದೆಯಲ್ಲ ಎಂದ. ನಾನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ವಿಚಾರಣೆಯ ದಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಐದು ನಿಮಿಷಕ್ಕೇ ಮಗಳು ಬಂದಳು. ಅಧ್ಯಕ್ಷರು ಆ ಪುಟವನ್ನೇ ಮುಂದಿಟ್ಟು, ನಿನ್ನ ತಂದೆಯೇ ಒಪ್ಪಿದ್ದಾರಲ್ಲ ಎಂದರಂತೆ.

"ಅಪ್ಪ ಹಾಗೆ ಹೇಳೇ ಇಲ್ಲ ಅಂದೆ. ಹಾಗಾದ್ರೆ ಪೇಪರಿನವರು ಸುಳ್ಳು ಬರೀತಾರಾ ಅಂತ ಕೇಳಿದ್ರು."

"ನೀನೇನಂದೆ?"

"ಹೌದು ಅಂದೆ. ಎದ್ದು ಹೋಗು ಅಂದ್ರು."